ಸಂಜೆ ಶುರುವಾಗೋ ಅಳು: ಕೂಸಿನ ಹೊಟ್ಟೆ, ಗಾಳಿ ಮತ್ತು ಒಂದಿಷ್ಟು ಎಂಜಿನಿಯರಿಂಗ್

ಸೆಮ್ ರಜೆಗೆ ಊರಿಗೆ ಹೋದಾಗ ಮನೆಯಲ್ಲಿ ಒಂದೂವರೆ ತಿಂಗಳ ಕೂಸು ಇದ್ದರೆ ನಮಗೊಂದು ಡ್ಯೂಟಿ ಖಾಯಂ. ಸಂಜೆ ದೀಪ ಹಚ್ಚೋ ಹೊತ್ತಿಗೆ ಕೂಸು ಕಿರುಚಲು ಶುರು ಮಾಡುತ್ತೆ. ಮುಖ ಕೆಂಪು, ಮುಷ್ಟಿ ಬಿಗಿ, ಕಾಲು ಹೊಟ್ಟೆಗೆ ಮಡಚಿಕೊಂಡಿದೆ. ಹಾಲು ಕುಡಿದಾಗಿದೆ, ಬಟ್ಟೆ ಬದಲಿಸಿಯೂ ಆಗಿದೆ, ಅಳು ಮಾತ್ರ ನಿಲ್ಲಲ್ಲ. ಆಗ ಒಳಗಿಂದ ಆರ್ಡರ್ ಬರುತ್ತೆ: "ಏ, ಓಡಿ ಹೋಗಿ ಮೆಡಿಕಲ್‌ನಿಂದ ಗ್ರೈಪ್ ವಾಟರ್ ತಗೊಂಡ್ ಬಾ!"

ನಮ್ಮೂರು ಕಿರವತ್ತಿ. ಯಲ್ಲಾಪುರ ತಾಲೂಕು, ಹುಬ್ಬಳ್ಳಿ–ಅಂಕೋಲಾ ಹೆದ್ದಾರಿ ಮೇಲೆ, ಕಲಘಟಗಿ ಕಡೆಯ ಕೊನೆಯಲ್ಲಿದೆ. ಗೌಳಿ ಮನೆ, ಸಿದ್ದಿ ಮನೆ, ಹವ್ಯಕರ ಮನೆ, ಮರಾಠಿ ಮಾತಾಡೋ ಮನೆ, ಉರ್ದು ಮಾತಾಡೋ ಮನೆ ಎಲ್ಲ ಇದ್ದಾವೆ. ಭಾಷೆ ಬೇರೆ ಬೇರೆ ಆದರೂ ಈ ಅಳುವಿಗೆ ಎಲ್ಲ ಮನೆಗಳಲ್ಲಿ ಹೇಳೋ ಕಾರಣ ಒಂದೇ: "ಹೊಟ್ಟೇಲಿ ಗಾಳಿ ಸೇರಿದೆ." ಔಷಧಿ ತರಲು ಓಡುವವರು ನಾವೇ ಆಗಿರುವಾಗ ಆ ಗಾಳಿ ಎಲ್ಲಿಂದ ಬರುತ್ತೆ, ನಿಜಕ್ಕೂ ಅದೇ ಕಾರಣವಾ, ತಂದ ಬಾಟಲಿ ಏನು ಮಾಡುತ್ತೆ ಅಂತ ತಿಳಿದಿರೋದು ಒಳ್ಳೇದು.

ಮೊದಲು ಗ್ರಾಫ್ ನೋಡೋಣ

ಆರೋಗ್ಯವಾಗಿರುವ ಮಗು ಕಾರಣವೇ ಕಾಣದಂತೆ ಗಂಟೆಗಟ್ಟಲೆ ಅಳೋದಕ್ಕೆ ವೈದ್ಯರು ಕಾಲಿಕ್ ಅಂತಾರೆ. ಸುಮಾರು ಐದರಲ್ಲಿ ಒಂದು ಮಗುವಿಗೆ ಇದು ಬರುತ್ತೆ. ಅಮೆರಿಕದ ಮಕ್ಕಳ ವೈದ್ಯ ಮಾರಿಸ್ ವೆಸೆಲ್ 1954ರಲ್ಲಿ ಇದಕ್ಕೆ ಒಂದು ಅಳತೆ ಕೊಟ್ಟರು: ದಿನಕ್ಕೆ 3 ಗಂಟೆಗಿಂತ ಹೆಚ್ಚು, ವಾರಕ್ಕೆ 3 ದಿನಕ್ಕಿಂತ ಹೆಚ್ಚು, 3 ವಾರಕ್ಕಿಂತ ಹೆಚ್ಚು ಕಾಲ ಅತ್ತರೆ ಕಾಲಿಕ್. ಮೂರು ವಾರ ಗಡಿಯಾರ ಹಿಡಿದು ಕೂರೋಕೆ ಯಾವ ತಾಯಿಗೂ ಆಗಲ್ಲ. ಹಾಗಾಗಿ 2016ರಲ್ಲಿ ಬಂದ ರೋಮ್-4 ಮಾನದಂಡದಲ್ಲಿ ಈ ಗಂಟೆ-ವಾರದ ಲೆಕ್ಕವನ್ನು ವೈದ್ಯರ ದಿನನಿತ್ಯದ ಬಳಕೆಯಿಂದ ಕೈಬಿಟ್ಟರು. 5 ತಿಂಗಳಿಗಿಂತ ಚಿಕ್ಕ ಮಗು, ಚೆನ್ನಾಗಿ ಬೆಳೀತಿದೆ, ಜ್ವರವಿಲ್ಲ, ಆದರೂ ಸಮಾಧಾನ ಮಾಡಲಾಗದಂಥ ಅಳು ಪದೇ ಪದೇ ಬರುತ್ತೆ ಅಂದರೆ ಸಾಕು.

ಇನ್ನೊಂದು ಸಂಗತಿ ಇನ್ನೂ ಮುಖ್ಯ. 1962ರಲ್ಲಿ ಬೆರಿ ಬ್ರೆಜಲ್ಟನ್ ಎಂಬ ವೈದ್ಯರು 80 ಮಕ್ಕಳ ಅಳುವಿನ ದಿನಚರಿಯನ್ನು ತಾಯಂದಿರಿಂದ ಬರೆಸಿದರು. ಇವು ಕಾಲಿಕ್ ಮಕ್ಕಳಲ್ಲ, ಸಾಮಾನ್ಯ ಮಕ್ಕಳು. ಎರಡನೇ ವಾರದಿಂದ ಅಳು ಏರುತ್ತಾ ಹೋಗಿ, 6ನೇ ವಾರಕ್ಕೆ ದಿನಕ್ಕೆ ಎರಡೂಮುಕ್ಕಾಲು ಗಂಟೆ ಮುಟ್ಟಿ, ಆಮೇಲೆ ಇಳಿದು, 3 ತಿಂಗಳ ಹೊತ್ತಿಗೆ ಬಹಳ ಕಡಿಮೆಯಾಯಿತು. ಹೆಚ್ಚಿನ ಅಳು ಸಂಜೆ ಹೊತ್ತಲ್ಲೇ. ಆಫ್ರಿಕಾದ ಕಲಹರಿ ಮರುಭೂಮಿಯ ಕುಂಗ್ ಸಮುದಾಯದಲ್ಲಿ ಮಕ್ಕಳನ್ನು ಇಡೀ ದಿನ ಮೈಗೆ ಕಟ್ಟಿಕೊಂಡೇ ಇರುತ್ತಾರೆ, ಅತ್ತ ಕೂಡಲೇ ಹಾಲು ಕೊಡುತ್ತಾರೆ. ಅಲ್ಲಿಯ ಮಕ್ಕಳಲ್ಲೂ ಇದೇ ಏರಿಳಿತ ಕಂಡಿತು. ಒಂದೇ ವ್ಯತ್ಯಾಸ ಅಂದರೆ ಪ್ರತಿ ಸಲದ ಅಳು ಬೇಗ ಮುಗೀತಿತ್ತು.

ಅಂದರೆ ಈ ಗ್ರಾಫ್ ಮಗು ಬೆಳೆಯುವ ದಾರಿಯ ಒಂದು ಭಾಗ. ತಾಯಿಯ ಅಡುಗೆ, ದೃಷ್ಟಿ, ಹಾಲಿನ ದೋಷ ಯಾವುದೂ ಅದನ್ನು ಬರೆದಿಲ್ಲ. ಕಾಲಿಕ್‌ನ ಖಚಿತ ಕಾರಣ ಇವತ್ತಿಗೂ ಗೊತ್ತಾಗಿಲ್ಲ. ಕರುಳಿನ ಬ್ಯಾಕ್ಟೀರಿಯಾ, ಇನ್ನೂ ಪಳಗದ ನರಮಂಡಲ, ದಿನವಿಡೀ ಸದ್ದು-ಬೆಳಕಿನ ಸುಸ್ತು, ಹೀಗೆ ಹಲವು ಊಹೆಗಳಿವೆ.

ಹಾಗಾದ್ರೆ ಗಾಳಿ?

ಗಾಳಿ ಹೊಟ್ಟೇಲಿ ಇರೋದು ನಿಜ. ಎರಡು ದಾರಿಯಿಂದ ಬರುತ್ತೆ. ಒಂದು, ನುಂಗಿದ ಗಾಳಿ: ಹಾಲು ಕುಡಿಯುವಾಗ ಸ್ವಲ್ಪ, ಅಳುವಾಗ ಇನ್ನೂ ಸ್ವಲ್ಪ. ಎರಡು, ಹಾಲಿನ ಲ್ಯಾಕ್ಟೋಸ್ ಸಕ್ಕರೆಯಲ್ಲಿ ಜೀರ್ಣವಾಗದೆ ಉಳಿದದ್ದನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ತಿಂದಾಗ ಹುಟ್ಟುವ ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್. ಕೂಸು ಹೂಸು ಬಿಟ್ಟರೆ ವ್ಯವಸ್ಥೆ ಕೆಲಸ ಮಾಡ್ತಿದೆ ಅಂತ ಅರ್ಥ, ಗಾಬರಿ ಬೇಡ.

"ಒಳಗೆ ಹೋದ ಗಾಳಿ ಬಿಸಿಯಾಗಿ ಉಬ್ಬುತ್ತೆ" ಅನ್ನೋ ವಾದವನ್ನು ಚಾರ್ಲ್ಸ್ ನಿಯಮ ಹಾಕಿ ನೋಡಿ. 20 ಡಿಗ್ರಿಯ ಗಾಳಿ 37 ಡಿಗ್ರಿಗೆ ಬಂದರೆ 293 ಕೆಲ್ವಿನ್‌ನಿಂದ 310 ಕೆಲ್ವಿನ್. ಹಿಗ್ಗೋದು ಬರೀ 6%. 10 ಎಂ.ಎಲ್. ಗಾಳಿ 10.6 ಆಗುತ್ತೆ ಅಷ್ಟೆ.

ಇಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಅನ್ನೋದು ಅದಲು ಬದಲಾಗೋ ಸಾಧ್ಯತೆ ಜಾಸ್ತಿ. ಮಗು ಅಳುತ್ತೆ, ಅಳುವಾಗ ಗಾಳಿ ನುಂಗುತ್ತೆ, ಹೊಟ್ಟೆ ಡೊಳ್ಳಾಗುತ್ತೆ, ಕೊನೆಗೆ ಗಾಳಿ ಹೋಗುತ್ತೆ. ನೋಡುವವರು "ಗಾಳಿಯಿಂದ ಅತ್ತಿತು, ಗಾಳಿ ಹೋಯ್ತು, ಅಳು ನಿಂತಿತು" ಅಂತಾರೆ. ಕಾಲು ಮಡಚೋದೂ ಹಾಗೇ; ಆ ವಯಸ್ಸಿನ ಮಗು ಯಾವ ಕಾರಣಕ್ಕೆ ಜೋರಾಗಿ ಅತ್ತರೂ ಕಾಲು ಮಡಚುತ್ತೆ.

ತೇಗು ತೆಗೆಸೋದು: ಬಾಟಲಿಯ ಬಾಯಿ ಎಲ್ಲಿದೆ?

ಆದರೂ ಗಾಳಿ ಹೊರಗೆ ಹೋದರೆ ಮಗುವಿಗೆ ಹಾಯೆನಿಸುತ್ತೆ. ಅದಕ್ಕೆ ದಾರಿ ಮಾಡಿಕೊಡೋದು ಸುಲಭ. ಅರ್ಧ ನೀರು ತುಂಬಿದ ಬಾಟಲಿಯನ್ನು ಅಡ್ಡ ಮಲಗಿಸಿ, ಬಾಯಿ ನೀರಿನಡಿ ಇದೆ ಅಂದ್ಕೊಳ್ಳಿ. ಗಾಳಿ ಮೇಲ್ಗಡೆ ಸಿಕ್ಕಿಬಿದ್ದಿರುತ್ತೆ, ಹೊರಗೆ ಬರಲ್ಲ. ಅಂಗಾತ ಮಲಗಿದ ಕೂಸಿನ ಜಠರ ಹೆಚ್ಚುಕಮ್ಮಿ ಹೀಗೇ: ಅನ್ನನಾಳ ಸೇರುವ ಜಾಗ ಬೆನ್ನಿನ ಕಡೆ, ಹಾಲಿನಡಿ, ಗಾಳಿಗುಳ್ಳೆ ಹೊಟ್ಟೆಯ ಕಡೆ. ನೆಟ್ಟಗೆ ಎತ್ತಿ ಹೆಗಲಿಗೆ ಹಾಕಿಕೊಂಡರೆ ಗಾಳಿ ಮೇಲೇರಿ ಅನ್ನನಾಳದ ಬಾಯಿ ಹತ್ತಿರ ಬರುತ್ತೆ. ಬೆನ್ನು ಮೆಲ್ಲಗೆ ಸವರಿದರೂ ಸಾಕು, ದಬದಬ ಬಡಿಯೋದು ಬೇಡ. 5–10 ನಿಮಿಷದಲ್ಲಿ ತೇಗು ಬರದಿದ್ದರೆ ಬಿಟ್ಟುಬಿಡಿ. ಚೆನ್ನಾಗಿ ಮೊಲೆ ಕಚ್ಚಿ ಕುಡಿದ ಮಗು ಗಾಳಿ ನುಂಗೋದೇ ಕಡಿಮೆ.

ತೇಗು ತೆಗೆಸೋದರಿಂದ ಕಾಲಿಕ್ ತಪ್ಪುತ್ತಾ? ಇದನ್ನು ನಮ್ಮ ದೇಶದಲ್ಲೇ ಪರೀಕ್ಷೆ ಮಾಡಿದ್ದಾರೆ. ಚಂಡೀಗಢದ ಪಿಜಿಐ ಸಂಸ್ಥೆಯವರು 71 ತಾಯಿ-ಮಗು ಜೋಡಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿನ ತಾಯಂದಿರಿಗೆ ತೇಗು ತೆಗೆಸೋದು ಕಲಿಸಿ, 3 ತಿಂಗಳು ಲೆಕ್ಕ ಇಟ್ಟರು. 2015ರಲ್ಲಿ ಫಲಿತಾಂಶ ಅಚ್ಚಾಯಿತು: ಕಾಲಿಕ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ, ತೇಗು ತೆಗೆಸಿದ ಮಕ್ಕಳು ಹಾಲು ಕಕ್ಕಿದ್ದೇ ಜಾಸ್ತಿ. ಹಾಗಾಗಿ ತೇಗು ಬರಿಸೋದು ಮಗುವಿನ ಆರಾಮಕ್ಕೆ ಸರಿ. "ನೀನು ತೇಗು ತೆಗೆಸಿಲ್ಲ, ಅದಕ್ಕೇ ಅಳ್ತಿದೆ" ಅಂತ ತಾಯಿಗೆ ಬೈಯೋದು ಸರಿಯಲ್ಲ.

ಬಾಟಲಿಯೊಳಗೆ ಏನಿದೆ?

ಗ್ರೈಪ್ ವಾಟರ್ ಹುಟ್ಟಿದ್ದು 1851ರಲ್ಲಿ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ವಿಲಿಯಂ ವುಡ್‌ವರ್ಡ್ ಎಂಬ ಔಷಧಿ ವ್ಯಾಪಾರಿ, ಅಲ್ಲಿನ ಜೌಗು ಪ್ರದೇಶದ ಮಲೇರಿಯಾ ಜ್ವರಕ್ಕೆ ಕೊಡುತ್ತಿದ್ದ ಮದ್ದನ್ನು ನೋಡಿ ಇದನ್ನು ಮಾಡಿದ. ಸೋಡಾ ಬೈಕಾರ್ಬೊನೇಟ್, ಸಕ್ಕರೆ, ನೀರು, ಸಬ್ಬಸಿಗೆ ಎಣ್ಣೆ, ಜೊತೆಗೆ 3.6% ಆಲ್ಕೋಹಾಲ್. ಹೌದು, ಸಬ್ಬಸಿಗೆ! ನಮ್ಮ ಕಡೆ ಬಾಣಂತಿಗೆ ಪಲ್ಯ ಮಾಡಿ ಹಾಕೋ ಅದೇ ಸೊಪ್ಪಿನ ಗಿಡ. ಆಲ್ಕೋಹಾಲ್ ಅಂತೂ ಬಿಯರ್‌ಗೆ ಸ್ವಲ್ಪ ಕಡಿಮೆ. ಕೂಸು ಸುಮ್ಮನಾಗುತ್ತಿದ್ದುದರಲ್ಲಿ ಆಶ್ಚರ್ಯವೇನು? ಬ್ರಿಟನ್ನಿನಲ್ಲಿ ಆಲ್ಕೋಹಾಲ್ ತೆಗೆದದ್ದು 1992ರಲ್ಲಿ. ಈಗ ನಮ್ಮ ಅಂಗಡಿಯಲ್ಲಿ ಸಿಗೋದರಲ್ಲಿ ಅದಿಲ್ಲ. ಉಳಿದದ್ದು ಸಿಹಿ ನೀರು ಮತ್ತು ವಾಸನೆ. ಸಿಹಿ ನಾಲಿಗೆಗೆ ತಾಗಿದಾಗ ಮಗು ಕೆಲ ನಿಮಿಷ ಸುಮ್ಮನಾಗಬಹುದು. ಕಾಲಿಕ್ ಕಡಿಮೆ ಮಾಡುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. 6 ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ.

ಎರಡನೆಯದು ಸಿಮೆಥಿಕೋನ್ ಹನಿ. ಕೆಮಿಕಲ್ ಬ್ರಾಂಚಿನವರಿಗೆ ಇದರ ನೆಂಟಸ್ತಿಕೆ ಗೊತ್ತು: ರಿಯಾಕ್ಟರ್‌ನಲ್ಲಿ ನೊರೆ ಇಳಿಸಲು ಹಾಕೋ ಸಿಲಿಕೋನ್ ಆಂಟಿಫೋಮ್. ಮೇಲ್ಮೈ ಎಳೆತ ಕಡಿಮೆ ಮಾಡಿ ಸಣ್ಣ ಗುಳ್ಳೆಗಳನ್ನು ಸೇರಿಸಿ ದೊಡ್ಡದು ಮಾಡುತ್ತೆ. ತರ್ಕ ಚೆನ್ನಾಗಿದೆ. ಆದರೆ 1994ರಲ್ಲಿ 83 ಮಕ್ಕಳ ಮೇಲೆ ಸಿಮೆಥಿಕೋನ್ ಮತ್ತು ಬರೀ ಸಪ್ಪೆ ಹನಿ ಎರಡನ್ನೂ ಪರೀಕ್ಷಿಸಿದಾಗ ಫಲಿತಾಂಶ ಒಂದೇ. ತೊಂದರೆ ಹೆಚ್ಚಿಲ್ಲ, ಉಪಯೋಗವೂ ಇಲ್ಲ.

ಮೂರನೆಯದರಲ್ಲಿ ನಿಜವಾದ ಅಪಾಯ ಇದೆ. ಹೊಟ್ಟೆನೋವಿನ ಕೆಲವು ಹನಿಗಳಲ್ಲಿ ಡೈಸೈಕ್ಲೋಮಿನ್ ಇರುತ್ತೆ. ಇದು ಕರುಳಿನ ಸ್ನಾಯು ಸಡಿಲಿಸುತ್ತೆ, ಅಳುವೂ ಕಡಿಮೆಯಾಗಬಹುದು. ಆದರೆ ಎಳೆ ಮಕ್ಕಳಲ್ಲಿ ಉಸಿರು ನಿಲ್ಲುವುದು, ಫಿಟ್ಸ್, ಪ್ರಜ್ಞೆ ತಪ್ಪುವುದು ವರದಿಯಾಗಿದೆ. 6 ತಿಂಗಳೊಳಗಿನ ಮಗುವಿಗೆ ಕೊಡಲೇಬಾರದು. ಅಂಗಡಿಯಲ್ಲಿ "ಕೂಸಿನ ಹೊಟ್ಟೆನೋವಿಗೆ ಏನಾದ್ರೂ ಕೊಡಿ" ಅಂತ ಕೇಳಬೇಡಿ. ಯಾರಾದರೂ ಕೊಟ್ಟರೆ ಲೇಬಲ್ಲಿನ ಸಣ್ಣಕ್ಷರ ಓದಿ. ಡೈಸೈಕ್ಲೋಮಿನ್ ಅಂತ ಇದ್ದರೆ ವಾಪಸ್ ಕೊಟ್ಟುಬಿಡಿ. ನಿಮ್ಮನ್ನು ಓದಿಸಿದ್ದಕ್ಕೂ ಸಾರ್ಥಕ.

ನಾಲ್ಕನೆಯದು ಲ್ಯಾಕ್ಟೋಬ್ಯಾಸಿಲಸ್ ರ್‍ಯೂಟರಿ ಎಂಬ ಒಳ್ಳೆಯ ಬ್ಯಾಕ್ಟೀರಿಯಾದ ಹನಿ. ಎದೆಹಾಲು ಮಾತ್ರ ಕುಡಿಯುವ ಮಕ್ಕಳಲ್ಲಿ ಇದು ಅಳುವನ್ನು ಸ್ವಲ್ಪ ಕಡಿಮೆ ಮಾಡಿದ್ದು ಕೆಲವು ಪರೀಕ್ಷೆಗಳಲ್ಲಿ ಕಂಡಿದೆ. ಬೇಕಾ ಬೇಡವಾ ಅಂತ ಮಕ್ಕಳ ಡಾಕ್ಟರೇ ಹೇಳಲಿ.

ಅಜ್ಜಿಯ ಡಬ್ಬಿಯಲ್ಲಿ

ನಮ್ಮ ಕಡೆ ಬಜೆ, ಜಾಯಿಕಾಯಿ ತೇದು ನೆಕ್ಕಿಸ್ತಾರೆ. ಓಮದ ನೀರು ಕುಡಿಸ್ತಾರೆ, ಇಂಗು ಹೊಕ್ಕುಳ ಸುತ್ತ ಹಚ್ಚುತ್ತಾರೆ, ಮರಾಠಿ ಮಾತಾಡೋ ಮನೆಗಳಲ್ಲಿ ಬಾಳಗುಟಿ ಇದೆ. ಇವನ್ನೆಲ್ಲ ಮೂಢನಂಬಿಕೆ ಅಂತ ಒಂದೇ ಏಟಿಗೆ ಹೊಡೆಯಬೇಡಿ. ಬಾಯಿಗೆ ಹೋಗೋದು ಯಾವುದು, ಹೋಗದೇ ಇರೋದು ಯಾವುದು ಅಂತ ಎರಡು ಪಟ್ಟಿ ಮಾಡಿ.

ಜಾಯಿಕಾಯಿ ನಮ್ಮ ತೋಟದಲ್ಲೇ ಬೆಳೆಯೋದು. ಆದರೆ ಅದು ಮಂಪರು ತರುತ್ತೆ. ಕೂಸು ಮಲಗಿತು ಅಂದರೆ ಹೊಟ್ಟೆನೋವು ಹೋಯ್ತು ಅಂತಲ್ಲ. ತೇಯುವವರ ಕೈ ಮೇಲೆ ಡೋಸ್ ನಿಂತಿದೆ: ಸಾಣೆಕಲ್ಲಿನ ಮೇಲೆ ಎರಡು ಸುತ್ತೋ, ಹತ್ತು ಸುತ್ತೋ? 4 ಕಿಲೋ ದೇಹಕ್ಕೆ ಆ ವ್ಯತ್ಯಾಸ ದೊಡ್ಡದು. ಬಜೆಯಲ್ಲಿ ಬೀಟಾ-ಅಸರೋನ್ ಎಂಬ ವಿಷಕಾರಿ ಅಂಶ ಇರುತ್ತೆ; ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ನಿಷೇಧಿಸಿತು. ಗ್ಲಿಸರಿನ್‌ನಲ್ಲಿ ಕಲಸಿದ ಇಂಗು ಕುಡಿಸಿದ 5 ವಾರದ ಮಗುವಿನ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಂದಿದ ಪ್ರಕರಣ 1984ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಅದೇ ಇಂಗನ್ನು ಹೊಕ್ಕುಳ ಸುತ್ತ ತೆಳುವಾಗಿ ಹಚ್ಚಿದರೆ ದೊಡ್ಡ ಹಾನಿ ಇಲ್ಲ. ಚರ್ಮ ಕೆಂಪಾದರೆ ಒರೆಸಿ. ನಾನು ಮನೆಯಲ್ಲಿ ಹೇಳಿದ್ದು ಇಷ್ಟೇ: "ಅಜ್ಜಿ, ಇಂಗು ಹೊಟ್ಟಿ ಮ್ಯಾಲೆ ಹಚ್ಚು, ಬಾಯಿಗೆ ಬ್ಯಾಡ." ಜಗಳ ಆಗಲಿಲ್ಲ.

ಜೇನು ಒಂದು ವರ್ಷದವರೆಗೆ ಬೇಡ, ಬಾಟುಲಿಸಂ ಎಂಬ ಲಕ್ವದಂಥ ಕಾಯಿಲೆ ಬರಬಹುದು. ಮೂಗಿಗೆ, ಗಂಟಲಿಗೆ ಎಣ್ಣೆ ಬಿಡೋದು ಬೇಡ. ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತೆ. ಇನ್ನು ಕೆಲವು ಕಡೆ ಹೊಟ್ಟೆನೋವಿಗೆ ಮಗುವಿನ ಹೊಟ್ಟೆ ಮೇಲೆ ಬರೆ ಹಾಕೋದು ಇನ್ನೂ ಇದೆ. ಎಲ್ಲಾದರೂ ನೋಡಿದರೆ ಸುಮ್ಮನಿರಬೇಡಿ, ತಡೆಯಿರಿ. ಸುಟ್ಟ ಗಾಯಕ್ಕೆ ನಂಜಾಗಿ ಜೀವವೇ ಹೋಗಬಹುದು.

ಇಷ್ಟಾದರೂ "ನಮ್ಮ ಕೂಸಿಗೆ ಬಜೆಯಿಂದಲೇ ಗುಣ ಆಯ್ತಲ್ಲ" ಅಂತಾರೆ. ಆಗಸ್ಟ್ ಮಳೆಯಲ್ಲಿ ಯಾರೋ ಅಂಗಳದಲ್ಲಿ ಒಂದು ಹಳೇ ಕೊಡೆ ನೇತುಹಾಕಿ "ಇದರಿಂದ ಮಳೆ ನಿಲ್ಲುತ್ತೆ" ಅಂದರೆ ಅಕ್ಟೋಬರ್ ಹೊತ್ತಿಗೆ ಅವರ ಮಾತು ನಿಜವೇ ಆಗಿರುತ್ತೆ! ಅಳು ಉತ್ತುಂಗದಲ್ಲಿರುವಾಗ ಏನು ಕೊಟ್ಟರೂ ಮುಂದಿನ ಮೂರು ವಾರದಲ್ಲಿ ಇಳಿದೇ ಇಳಿಯುತ್ತೆ. ಗ್ರಾಫ್ ಮಾಡಿದ ಕೆಲಸಕ್ಕೆ ಬಾಟಲಿಗೆ, ಬಜೆಗೆ ಕ್ರೆಡಿಟ್ ಸಿಗುತ್ತೆ.

ಬಾಣಂತಿಯ ತಟ್ಟೆ

ಇದರ ಭಾರ ಹೆಚ್ಚು ಬೀಳೋದು ತಾಯಿ ಮೇಲೆ. "ಬೇಳೆ ತಿಂದೆ, ಆಲೂಗಡ್ಡೆ ತಿಂದೆ, ಅದಕ್ಕೇ ಕೂಸಿಗೆ ವಾಯು" ಅಂತ ಒಂದೊಂದೇ ಪದಾರ್ಥ ತಟ್ಟೆಯಿಂದ ಮಾಯವಾಗುತ್ತೆ. ಕೊನೆಗೆ ಉಳಿಯೋದು ಅನ್ನ, ತುಪ್ಪ, ಮೆಣಸಿನ ಸಾರು. ತಾಯಿಯ ಕರುಳಿನಲ್ಲಿ ಹುಟ್ಟಿದ ಗ್ಯಾಸ್ ಗುಳ್ಳೆ ರಕ್ತ ದಾಟಿ ಎದೆಹಾಲಿಗೆ ಬರಲು ದಾರಿಯೇ ಇಲ್ಲ. ಹಾಲು ಮಾಡುವ ದೇಹಕ್ಕೆ ಬೇಳೆ, ಕಾಳು, ಸೊಪ್ಪು, ತರಕಾರಿ ಎಲ್ಲ ಬೇಕು. ಇದಕ್ಕೆ ಅಪವಾದ ಒಂದಿದೆ: ಕೆಲವೇ ಮಕ್ಕಳಿಗೆ ಹಸುವಿನ ಹಾಲಿನ ಪ್ರೋಟೀನ್ ಆಗಿಬರಲ್ಲ, ಮಲದಲ್ಲಿ ರಕ್ತ, ಮೈಮೇಲೆ ಗಂಧೆ ಇರುತ್ತೆ. ಅದನ್ನು ಡಾಕ್ಟರ್ ನೋಡಿ ಹೇಳಬೇಕು.

ಕೈಯಿಂದ ಆಗೋ ಕೆಲಸಗಳು

ಹಾಲು ಕುಡಿಸುವಾಗ ಕೂಸಿನ ಬಾಯಿ ಅಗಲ ತೆರೆದು, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗಿರಲಿ. ಚಪ್ ಚಪ್ ಸದ್ದು ಬಂದರೆ ಗಾಳಿ ಹೋಗ್ತಿದೆ. ಒಂದು ಕಡೆ ಪೂರ್ತಿ ಕುಡಿದ ಮೇಲೆ ಇನ್ನೊಂದು ಕಡೆ. ಹೊರಗಿನ ಹಾಲು ಕೊಡಲೇಬೇಕಾದರೆ ಬಾಟಲಿಗಿಂತ ಒಳಲೆ ಒಳ್ಳೇದು. ಬಾಟಲಿಯೇ ಆದರೆ ನಿಪ್ಪಲ್ ತುಂಬ ಹಾಲಿರುವಂತೆ ಓರೆ ಹಿಡಿಯಿರಿ.

ಎತ್ತಿಕೊಂಡು ನಡೆಯಿರಿ. ಜಪಾನಿನ ರೈಕೆನ್ ಸಂಸ್ಥೆಯವರು 2022ರಲ್ಲಿ ತೋರಿಸಿದ ಕ್ರಮ ಇದು: ಅಳುವ ಮಗುವನ್ನು ಎದೆಗಪ್ಪಿ 5 ನಿಮಿಷ ಒಂದೇ ವೇಗದಲ್ಲಿ ನಡೆಯೋದು, ನಿದ್ದೆ ಹತ್ತಿದ ಮೇಲೆ 5–8 ನಿಮಿಷ ಕೂತು ಹಿಡಿದುಕೊಳ್ಳೋದು, ಆಮೇಲೆ ಮಲಗಿಸೋದು. ಕೂಡಲೇ ಇಳಿಸಿದರೆ ಎಚ್ಚರ ಆಗುತ್ತೆ.

ಮುಂಗೈ ಮೇಲೆ ಬೋರಲು ಮಲಗಿಸಿಕೊಳ್ಳಿ, ತಲೆ ನಿಮ್ಮ ಮೊಣಕೈ ಹತ್ತಿರ ಆಸರೆಯಾಗಿರಲಿ. ಕೆಲವು ಮಕ್ಕಳಿಗೆ ಇದು ಬಹಳ ಇಷ್ಟ. ಎಚ್ಚರ ಇದ್ದಾಗ ಮಾತ್ರ. ನಿದ್ದೆ ಮಾಡಿಸೋದು ಯಾವಾಗಲೂ ಅಂಗಾತ.

ಹಾಲು ಕುಡಿದು ಅರ್ಧ-ಮುಕ್ಕಾಲು ಗಂಟೆ ಆದ ಮೇಲೆ ಹೊಟ್ಟೆಯನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಬೆಚ್ಚಗಿನ ಕೈಯಿಂದ ಸವರಿ. ದೊಡ್ಡ ಕರುಳು ಹೋಗೋ ದಿಕ್ಕೂ ಅದೇ. ಕಾಲುಗಳನ್ನು ಸೈಕಲ್ ತುಳಿದಂತೆ ಆಡಿಸಿ. ಇದು ಕಾಲಿಕ್ ವಾಸಿ ಮಾಡುತ್ತೆ ಅನ್ನೋಕಾಗಲ್ಲ, ಹಾನಿ ಇಲ್ಲದೆ ಸಮಾಧಾನ ಕೊಡಬಹುದು. ದೀಪ ಮಂಕು ಮಾಡಿ, ಟೀವಿ ಆರಿಸಿ, ಕೈಯಿಂದ ಕೈಗೆ ದಾಟಿಸೋದು ನಿಲ್ಲಿಸಿ.

ಎಷ್ಟು ಮಾಡಿದರೂ ನಿಲ್ಲದೆ ನಿಮಗೆ ಸಿಟ್ಟು ಬಂದರೆ ಕೂಸನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಹೊರಗೆ ಹೋಗಿ. ಅಳುವುದರಿಂದ ಮಗುವಿಗೆ ಏನೂ ಆಗಲ್ಲ. ಜೋರಾಗಿ ಅಲುಗಾಡಿಸಿದರೆ ಮೆದುಳಿನಲ್ಲಿ ರಕ್ತಸ್ರಾವವಾಗಿ ಕಣ್ಣು, ಜೀವ ಎರಡೂ ಹೋಗಬಹುದು.

ಗಾಳಿ ಅಂತ ಕಾಯಬಾರದ ಹೊತ್ತು

"ಬರೀ ವಾಯು" ಅಂತ ಮನೆಯಲ್ಲೇ ಉಳಿದು ಬೇರೆ ಕಾಯಿಲೆ ತಪ್ಪಿಹೋಗೋದೇ ಇಲ್ಲಿ ದೊಡ್ಡ ಭಯ. ಇವುಗಳಲ್ಲಿ ಒಂದಿದ್ದರೂ ಆಸ್ಪತ್ರೆಗೆ ಹೊರಡಿ:

- 3 ತಿಂಗಳೊಳಗಿನ ಮಗುವಿಗೆ 38 ಡಿಗ್ರಿ, ಅಂದರೆ 100.4 ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ
- ಹಸಿರು ವಾಂತಿ, ಅಥವಾ ಪ್ರತಿ ಸಲ ಪಿಚಕಾರಿಯಂತೆ ದೂರ ಚಿಮ್ಮುವ ವಾಂತಿ
- ಮಲದಲ್ಲಿ ರಕ್ತ, ಕೆಂಪು ಜೆಲ್ಲಿಯಂಥ ಮಲ
- ಹೊಟ್ಟೆ ಉಬ್ಬಿ ಗಟ್ಟಿಯಾಗಿರೋದು, ತೊಡೆಸಂದಿಯಲ್ಲಿ ಗಂಟು
- ಹಾಲು ಕುಡಿಯದಿರೋದು, ಉಚ್ಚೆ ಕಡಿಮೆಯಾಗೋದು, ತೂಕ ಏರದಿರೋದು
- ನೆತ್ತಿ ಉಬ್ಬೋದು, ಮಂಕಾಗಿ ಬಿದ್ದಿರೋದು, ಎಂದಿನಂತಿಲ್ಲದ ಕೀರಲು ಅಥವಾ ಕ್ಷೀಣ ಅಳು
- 4 ತಿಂಗಳ ನಂತರ ಹೊಸದಾಗಿ ಶುರುವಾದ ಅಳು

ಹೊರಡುವ ಮೊದಲು ಬಟ್ಟೆ ಬಿಚ್ಚಿ ಕೈಕಾಲಿನ ಬೆರಳು ನೋಡಿ. ತಾಯಿಯ ಉದುರಿದ ಕೂದಲೆಳೆ ಬೆರಳಿಗೆ ಸುತ್ತಿ ಬಿಗಿದು ಕೂಸು ಅಳುತ್ತಿರೋದೂ ಉಂಟು.

ಕಿರವತ್ತಿಯಂಥ ಊರಿನಿಂದ ದೊಡ್ಡಾಸ್ಪತ್ರೆ ಅಂದರೆ ಹುಬ್ಬಳ್ಳಿ. ರಾತ್ರಿ ಹೊರಡಬೇಕಾದರೆ 108ಕ್ಕೆ ಕರೆ ಮಾಡಿ. ಅಷ್ಟು ಅವಸರ ಇಲ್ಲದಿದ್ದರೆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ನೋಡಲು ಅವರು 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುತ್ತಾರೆ. ಗಮನಿಸಿ, 42ನೇ ದಿನ ಅಂದರೆ ಸರಿಯಾಗಿ 6 ವಾರ, ಗ್ರಾಫಿನ ತುದಿ! ಅದಾದ ಮೇಲೆ ಅವರ ಮುಂದಿನ ನಿಗದಿತ ಭೇಟಿ 3ನೇ ತಿಂಗಳಿಗೆ. ಅಳು ಜೋರಾಗಿರುವ ಆ ನಡುವಿನ ವಾರಗಳಲ್ಲಿ ಮನೆಗೆ ಬಂದು ಕೇಳುವವರು ಇಲ್ಲ. 6 ಮತ್ತು 10 ವಾರದ ಲಸಿಕೆಗೆ ಹೋದಾಗ ತೂಕ ಹಾಕಿಸಿ, ಅಳುವಿನ ವಿಷಯ ಬಾಯಿಬಿಟ್ಟು ಕೇಳಿ.

ತಾಯಿ ಸದಾ ಅಳ್ತಿದ್ದರೆ, ನಿದ್ದೆ ಸಿಕ್ಕಾಗಲೂ ನಿದ್ದೆ ಬರದಿದ್ದರೆ, ಕೂಸಿನ ಕಡೆ ನೋಡಲೂ ಮನಸ್ಸಿಲ್ಲ ಅಂದರೆ ಅದೂ ಕಾಯಿಲೆಯೇ, ಅದಕ್ಕೂ ಔಷಧಿ ಇದೆ. ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ.

ನಮ್ಮ ಕೈಲಿ ಆಗೋದು ಬಹಳ ಇದೆ. ಸಂಜೆ ಒಂದು ಗಂಟೆ ಕೂಸನ್ನು ಎತ್ತಿಕೊಂಡು ಅಂಗಳದಲ್ಲಿ ಓಡಾಡಿದರೆ ಆ ಹೊತ್ತಲ್ಲಿ ಅಕ್ಕನೋ ಅತ್ತಿಗೆಯೋ ಊಟ ಮಾಡಿ ಒಂದು ನಿದ್ದೆ ತೆಗೀತಾರೆ. ಗೋಡೆಯ ಕ್ಯಾಲೆಂಡರ್‌ನಲ್ಲಿ ಹುಟ್ಟಿದ ದಿನದಿಂದ 6 ವಾರಕ್ಕೆ ಒಂದು ಗುರುತು, 12 ವಾರಕ್ಕೆ ಇನ್ನೊಂದು ಗುರುತು ಹಾಕಿ ಕೊಡಿ. ಎಷ್ಟು ದಿನ ಅಂತ ಗೊತ್ತಾದರೆ ಕಾಯೋದು ಸ್ವಲ್ಪ ಸುಲಭ.